ಬಿಳಿ ಇಲಿಯೋ, ಕಪ್ಪು ಇಲಿಯೋ?

ಗುಬ್ಬಿ ಹತ್ತಿರದ ನಮ್ಮೂರಲ್ಲಿ ರಾಗಿ ಒಕ್ಕಣೆ ಶುರುವಾದರೆ ಅಮ್ಮನಿಗೆ ಉಬ್ಬಸವೂ ಶುರು. ಅದೇ ಕಣದಲ್ಲಿ ಮೊರ ಹಿಡಿದು ತೂರುವ ಚಿಕ್ಕಮ್ಮನಿಗೆ ಒಂದು ಸೀನೂ ಬರುವುದಿಲ್ಲ. ಇಬ್ಬರೂ ಒಡಹುಟ್ಟಿದವರು. ಈ ಪ್ರಶ್ನೆ ಬೆನ್ನು ಹತ್ತಿಯೇ ನಾನು ಪ್ರಯೋಗಾಲಯ ಸೇರಿದ್ದು. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲು.

ಎರಡು ತಳಿಯ ಇಲಿಗಳ ಜೊತೆ ಕೆಲಸ ಮಾಡಿದೆ: ಬಿಳಿಯ ಬಾಲ್ಬ್-ಸಿ, ಕಪ್ಪಗಿನ ಸಿ57 ಬ್ಲ್ಯಾಕ್ 6. ಇಲಿಗೆ ತಾನಾಗಿ ಆಸ್ತಮಾ ಬರುವುದಿಲ್ಲ, ನಾವೇ ಬರಿಸಬೇಕು. ಮೊದಲು ಹಳೆಯ ವಿಧಾನ ಹಿಡಿದೆ. ಮೊಟ್ಟೆಯ ಬಿಳಿಯಲ್ಲಿರುವ ಓವಾಲ್ಬ್ಯುಮಿನ್ ಪ್ರೋಟೀನನ್ನು ದೇಹದ ರೋಗನಿರೋಧಕ ಪ್ರತಿಕ್ರಿಯೆ ಕೆರಳಿಸುವ ಆಲಮ್ ಲವಣದ ಜೊತೆ ಹೊಟ್ಟೆಗೆ ಚುಚ್ಚಿ, ಆಮೇಲೆ ಅದನ್ನೇ ಉಸಿರಲ್ಲಿ ಕೊಡುವುದು.

ಬಿಳಿ ಇಲಿಯ ರಕ್ತದಲ್ಲಿ ಅಲರ್ಜಿಯ ಪ್ರತಿಕಾಯವಾದ ಐಜಿಇ ಚೆನ್ನಾಗಿ ಏರಿತು. ಶ್ವಾಸನಾಳ ಬಿಗಿಸುವ ಮೆಥಕೋಲಿನ್ ಮದ್ದನ್ನು ತುಸುವೇ ಕೊಟ್ಟರೂ ನಾಳ ಬಿಗಿದುಕೊಂಡಿತು. ಕಪ್ಪು ಇಲಿಯ ಶ್ವಾಸಕೋಶ ತೊಳೆದ ನೀರಲ್ಲಿ ಅಲರ್ಜಿಯಲ್ಲಿ ಹೆಚ್ಚುವ ಬಿಳಿ ರಕ್ತಕಣಗಳಾದ ಇಯೊಸಿನೊಫಿಲ್‌ಗಳು ತುಂಬಿಕೊಂಡಿದ್ದವು, ನಾಳ ಮಾತ್ರ ಅಷ್ಟಾಗಿ ಬಿಗಿಯಲಿಲ್ಲ. ನನ್ನ ಕೈತಪ್ಪು ಅಂದುಕೊಂಡು ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಉರಿಯೂತ ಬೇರೆ, ಬಿಗಿತ ಬೇರೆ ಎಂದು ಓದಿದ್ದೆ. ಕಣ್ಣಾರೆ ಕಂಡದ್ದು ಆವತ್ತು.

ಕಾಯಿಲೆಯನ್ನು ಸ್ಪಷ್ಟವಾಗಿ ತೋರಿಸಲು ಬಿಳಿಯೇ ಸರಿ. ಕಾರಣ ಹುಡುಕಬೇಕೆಂದರೆ ನನ್ನ ಆಯ್ಕೆ ಕಪ್ಪು. ಒಂದೊಂದು ಜೀನ್ ತೆಗೆದುಹಾಕಿದ ಇಲಿಗಳು ಹೆಚ್ಚಾಗಿ ಈ ತಳಿಯಲ್ಲೇ ಸಿಗುತ್ತವೆ. 2002ರಲ್ಲಿ ಪ್ರಕಟವಾದ ಇಲಿಯ ಜೀನೋಮ್ ಕೂಡ ಇದರದ್ದೇ. ಆದರೂ ಒಂದೇ ತಳಿ ನೆಚ್ಚಿ ಕೂತರೆ ದಾರಿ ಸಿಗದು, ಸುಳಿವು ಇರುವುದೇ ತಳಿಗಳ ನಡುವಿನ ಅಂತರದಲ್ಲಿ. ಬೇಗ ಬಿಗಿಯುವ ಎ/ಜೆ ಇಲಿಯನ್ನು ಸುಲಭಕ್ಕೆ ಬಿಗಿಯದ ಸಿ3ಎಚ್ ಇಲಿಯೊಡನೆ ಕೂಡಿಸಿ, ಅವುಗಳ ಸಂತತಿಯಲ್ಲಿ ಹುಡುಕುತ್ತ ಹೋದವರು 2000ದಲ್ಲಿ 2ನೇ ವರ್ಣತಂತುವಿನಲ್ಲಿರುವ, ರೋಗನಿರೋಧಕ ಪ್ರೋಟೀನೊಂದನ್ನು ಮಾಡಿಸುವ ಸಿ5 ಜೀನಿಗೆ ಬಂದು ನಿಂತರು. ಎ/ಜೆಯಲ್ಲಿ ಆ ಜೀನ್ ಕೆಟ್ಟಿರುತ್ತದೆ. ಅಮ್ಮ, ಚಿಕ್ಕಮ್ಮ ನೆನಪಾಗದೆ ಅದನ್ನು ಓದಲು ನನಗೆ ಇವತ್ತಿಗೂ ಆಗುವುದಿಲ್ಲ.

ಮೊಟ್ಟೆ ಪ್ರೋಟೀನನ್ನು ನಾನೀಗ ಬಿಟ್ಟಿದ್ದೇನೆ. ತಿಂಗಳುಗಟ್ಟಲೆ ಕೊಟ್ಟರೆ ಇಲಿಗೆ ಅದು ಒಗ್ಗಿಹೋಗುತ್ತದೆ. ಈಗ ಬಳಸುವ ಹಾಸಿಗೆ ದೂಳಿನ ನುಸಿಯ ಸಾರಕ್ಕೆ ಆಲಮ್ ಬೇಡ, ಚುಚ್ಚುವುದೂ ಬೇಡ. ಮೂಗಿಗೆ ಹನಿ ಬಿಟ್ಟರಾಯಿತು. ನಮಗೆ ದೂಳು ಒಳಗೆ ಹೋಗುವುದೂ ಅದೇ ದಾರಿಯಲ್ಲಿ ತಾನೆ?

ಇದನ್ನೆಲ್ಲ ಹೇಳಿದಾಗ ಅಮ್ಮ ಪಂಪು ಎಳೆದುಕೊಂಡು, "ನಮ್ ಕಣದ ದೂಳು ಹಾಕಿ ನೋಡಿದ್ಯೇನೇ?" ಅಂದಳು. ನೋಡಿರಲಿಲ್ಲ. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಈ ಸಲ ಬರೆದ ಅರ್ಜಿಯಲ್ಲಿ ರಾಗಿ ಒಕ್ಕಣೆ ದೂಳನ್ನೂ ಸೇರಿಸಿದ್ದೇನೆ.