ದುರ್ಯೋಧನನ ಡ್ರೆಸ್ ಭೇಷ್, ನಮ್ಮ ಕಾಲದ ಖಳನಾಯಕನದು ಮಾತ್ರ ಸಿಗಲ್ಲ

ಬಳ್ಳಾರಿ ಕೌಲ್ ಬಜಾರ್ ಕಡೆ ಇರುವ ಈ ನಾಟಕದ ಡ್ರೆಸ್ ಅಂಗಡಿಗೆ ಬೋರ್ಡಿಲ್ಲ. ಬಾಗಿಲಿಗೆ ತೂಗುಹಾಕಿದ ತಗಡಿನ ಗದೆಯೇ ಗುರುತು. ಈ ಸಲ ನಮ್ಮೂರ ಜಾತ್ರೆಗೆ ಒಂದು ರಾತ್ರಿ ಪೌರಾಣಿಕ, ಮರುದಿನ ನಾವೇ ಬರೆದುಕೊಂಡ ಸಾಮಾಜಿಕ. ಎರಡಕ್ಕೂ ಡ್ರೆಸ್ಸು, ಪರದೆ, ಮೇಕಪ್ಪು ಇಲ್ಲಿಂದಲೇ ತಂದೆವು. ಸಂಡೂರು, ಕುರುಗೋಡು, ಸಿರುಗುಪ್ಪ ಕಡೆಯ ಹುಡುಗರು ನಾಟಕ ಕಲಿಯುವ ಉಮೇದಿನಲ್ಲಿರುತ್ತೀರಿ, ನಿಮಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ.

ಮೊದಲು ಒಳ್ಳೇದು ಹೇಳ್ತೀನಿ. ದುರ್ಯೋಧನನ ಸೆಟ್ಟು ಭೇಷ್. ನೀಲಿ ಮಖಮಲ್ಲಿನ ಅಂಗಿ, ಎದೆ ತುಂಬಾ ಜರಿ, ಭುಜಕೀರ್ತಿ ಗಟ್ಟಿಮುಟ್ಟು. ಕಂಕುಳಲ್ಲಿ ಹಿಂದಿನ ದುರ್ಯೋಧನರೆಲ್ಲರ ಬೆವರು ಒಣಗಿ ಬಿಳಿ ಗೆರೆ ಗೆರೆ ಕಟ್ಟಿದೆ, ಹಾಕಿಕೊಳ್ಳುವ ಮುಂಚೆ ಒಂದು ಹೊತ್ತು ಬಿಸಿಲಿಗೆ ಹಾಕಿ. ಕಿರೀಟ ರಟ್ಟಿನದು, ಮೇಲೆ ಬಂಗಾರದ ಬಣ್ಣದ ಹಾಳೆ, ಗಾಜಿನ ಹರಳು. ಒಳಗೆ ತೆಲುಗು ಪೇಪರ್ ಮಡಚಿ ಇಟ್ಟಿರುತ್ತಾರೆ, ತಲೆ ಸಣ್ಣದಿದ್ದರೆ ಇನ್ನೊಂದು ಮಡಿಕೆ, ದೊಡ್ಡದಿದ್ದರೆ ಒಂದು ತೆಗೆದರಾಯ್ತು. ಶಕುನಿಯ ದಾಳಗಳು ಮರದವು, ಕೈಯಲ್ಲಿ ಹಿಡಿದರೆ ತೂಕ ಅನ್ನಿಸುತ್ತೆ. ಮೇಕಪ್ಪಿನವರು ಹುಬ್ಬು ಬರೆಯುವುದನ್ನು ನಿಂತು ನೋಡಬೇಕು. ನಮ್ಮೂರ ಹಾಲಿನ ಡೈರಿಯ ಸಾಧು ಮನುಷ್ಯ, ಎರಡೇ ಎಳೆತದಲ್ಲಿ ಕೌರವೇಶ್ವರ ಆಗಿಬಿಟ್ಟ. ಜನ ಮೆಚ್ಚಿ ಕೊಡುವ ಆಯಾರ ಹೆಚ್ಚು ಬಂದದ್ದೂ ಅವನಿಗೇ. ಧರ್ಮರಾಯನಿಗೆ ಒಬ್ಬರೂ ಒಂದು ನೋಟು ಚುಚ್ಚಲಿಲ್ಲ. ನಮ್ಮ ಕಡೆ ಅದೇನು ಹೊಸದಲ್ಲ ಬಿಡಿ.

ತಕರಾರು ಇರುವುದು ಎರಡನೇ ರಾತ್ರಿಯದ್ದು.

ನಮ್ಮ ಸಾಮಾಜಿಕ ನಾಟಕದ ಖಳನಾಯಕ ಒಬ್ಬ ರಾಜಕಾರಣಿ, ಗುಡ್ಡ ನುಂಗುವವನು. ಅಂಗಡಿಯವರಿಗೆ ಹಾಗೇ ಹೇಳಿದೆವು. ಅವರು ಟ್ರಂಕಿನಿಂದ ತೆಗೆದಿಟ್ಟದ್ದು ಮೆರೂನ್ ಕೋಟು, ಕೊರಳಿಗೆ ರೇಷ್ಮೆ ಕರವಸ್ತ್ರ, ಕಪ್ಪು ಕನ್ನಡಕ, ಅಂಟಿಸುವ ಮೀಸೆ, ಸಿಗಾರು, ಪ್ಲಾಸ್ಟಿಕ್ ಪಿಸ್ತೂಲು. 'ಇಂಥೋನ್ನ ನಾವು ಈ ಜಿಲ್ಲೆದಾಗ ಎಲ್ಲೂ ನೋಡಿಲ್ಲಲ್ಲ' ಅಂದೆ. 'ಖಳನಾಯಕ ಅಂದ್ರೆ ಬಂದ ಕೂಡ್ಲೆ ಗೊತ್ತಾಗಬೇಕಪ್ಪ, ಇಲ್ಲಾಂದ್ರೆ ಕಡೇ ಸಾಲಿನಾಗ ಕುಂತೋರಿಗೆ ಹೆಂಗ ತಿಳೀತೈತೆ?' ಅಂದರು. ಅವರ ವ್ಯಾಪಾರದ ಲೆಕ್ಕದಲ್ಲಿ ಅದು ಸರಿ. ಆದರೆ ನಂದು ತೋರಣಗಲ್ಲು ರಸ್ತೆಯಲ್ಲಿ ಟೈರ್ ಪಂಕ್ಚರ್ ಅಂಗಡಿ. ಚೀನಾದವರು ನಮ್ಮ ಕಬ್ಬಿಣದ ಅದಿರಿಗೆ ಮುಗಿಬಿದ್ದ ಆ ವರ್ಷಗಳಲ್ಲಿ ಹಗಲೂ ರಾತ್ರಿ ಲಾರಿ. ಓವರ್‌ಲೋಡಿಗೆ ಸಿಡಿದ ಟೈರು ಬಿಚ್ಚಿ ಬಿಚ್ಚಿ ನನ್ನ ಉಗುರಿನ ಸಂದಿನ ಕೆಂಪು ಹೋಗುತ್ತಿರಲಿಲ್ಲ. ಆ ಲಾರಿಗಳ ಹಿಂದೆ ಪಿಸ್ತೂಲು ಹಿಡಿದವನು ಯಾವನೂ ಬರಲಿಲ್ಲ. ಡ್ರೈವರನ ಜೇಬಿನಲ್ಲಿ ಒಂದು ಪರ್ಮಿಟ್ ಚೀಟಿ ಇರುತ್ತಿತ್ತು, ಅದರಲ್ಲಿ ಬರೆದದ್ದಕ್ಕೂ ಲಾರಿ ಮೇಲಿದ್ದದ್ದಕ್ಕೂ ತಾಳಮೇಳ ಇರುತ್ತಿರಲಿಲ್ಲ, ಅಷ್ಟೇ.

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆ ಬಗ್ಗೆ ಕೊಟ್ಟ ವರದಿಯಲ್ಲಿ ಸರ್ಕಾರಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಇತ್ತು. ನಾಟಕದ ದುಷ್ಟ ಒಂದು ಸೀತೆಯನ್ನೋ ಒಂದು ಸೀರೆಯನ್ನೋ ಎಳೆದರೆ ಜನ ಹಲ್ಲು ಕಡಿಯುತ್ತಾರೆ. ಈ ಅಂಕಿ ಕೇಳಿ ಹಲ್ಲು ಕಡಿಯೋದು ಹೇಗೆ? ಸೊನ್ನೆ ಎಣಿಸುವುದರಲ್ಲೇ ಸಿಟ್ಟು ಇಳಿದುಹೋಗುತ್ತೆ. ದುರ್ಯೋಧನನಾದರೂ ಸೂಜಿಮೊನೆಯಷ್ಟು ನೆಲ ಕೊಡಲ್ಲ ಅಂತ ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದ. ನಮ್ಮ ಗಡಿಯಲ್ಲಿ ಕರ್ನಾಟಕ ಎಲ್ಲಿಗೆ ಮುಗೀತು, ಆಂಧ್ರ ಎಲ್ಲಿಂದ ಶುರು ಅನ್ನೋದೇ ಕೋರ್ಟಿನ ವಿಷಯ ಆಯ್ತು, ಒಬ್ಬನೂ ಸಭೆಯಲ್ಲಿ ನಿಂತು ಕಂದಪದ್ಯ ಹಾಡಲಿಲ್ಲ.

ಕಿರೀಟದ ಮಾತು ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. ಬಳ್ಳಾರಿಯಲ್ಲಿ ಕಿರೀಟ ಅಂದರೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಈ ರಟ್ಟಿನದಲ್ಲ. 2009ರಲ್ಲಿ, ಮಂತ್ರಿಯಾಗಿದ್ದಾಗ, ಗಾಲಿ ಜನಾರ್ದನ ರೆಡ್ಡಿಯವರು ತಿರುಪತಿ ತಿಮ್ಮಪ್ಪನಿಗೆ 40 ಕೋಟಿಗೂ ಮೇಲಿನ ವಜ್ರದ ಕಿರೀಟ ಕೊಟ್ಟರು. 2011ರ ಸೆಪ್ಟೆಂಬರ್ 5ರಂದು ಇದೇ ಊರಿನಲ್ಲಿ ಸಿಬಿಐ ಅವರನ್ನು ಬಂಧಿಸಿತು. ಅವರ ಕಂಪನಿಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ಕೋರ್ಟು 7 ವರ್ಷ ಶಿಕ್ಷೆ ಕೊಟ್ಟದ್ದು 2025ರ ಮೇ ತಿಂಗಳಲ್ಲಿ, ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನಡುವೆ 2023ರಲ್ಲಿ ಗಂಗಾವತಿಯವರು ಗೆಲ್ಲಿಸಿಯೂ ಕಳಿಸಿದ್ದರು. ಯಾವ ಕವಿಯೂ ಹೀಗೆ ಬರೆಯಲ್ಲ. ಬರೆದರೆ ಪೆಂಡಾಲಿನವರು ಎದ್ದು ಹೋಗುತ್ತಾರೆ. ಖಳನಾಯಕ ಕಿರೀಟ ತಾನು ಹಾಕಿಕೊಳ್ಳಬೇಕು, ಬೆಳಗಾಗುವುದರೊಳಗೆ ತೊಡೆ ಮುರಿಸಿಕೊಂಡು ಬೀಳಬೇಕು. ಹದಿನೈದಿಪ್ಪತ್ತು ವರ್ಷದ ನಾಟಕಕ್ಕೆ ಪರದೆ ಬಾಡಿಗೆ ಯಾರು ಕಟ್ಟುತ್ತಾರೆ?

ಆ ತೀರ್ಪಿನಲ್ಲಿ ಶಿಕ್ಷೆಯಾದವರಲ್ಲಿ ಗಣಿ ಇಲಾಖೆಯ ಮಾಜಿ ನಿರ್ದೇಶಕರೂ ಇದ್ದರು, ಒಬ್ಬ ಆಪ್ತ ಸಹಾಯಕನೂ ಇದ್ದ. ಅಂಗಡಿಯಲ್ಲಿ ಶಕುನಿ ಇದ್ದಾನೆ, ದುಶ್ಶಾಸನ ಇದ್ದಾನೆ, ಭಟರ ಡ್ರೆಸ್ಸು ಡಜನ್‌ಗಟ್ಟಲೆ ಇವೆ. ಫೈಲಿಗೆ ರುಜು ಹಾಕುವವನ ಡ್ರೆಸ್ ಕೇಳಿ ನೋಡಿ, ಪೋಸ್ಟ್‌ಮ್ಯಾನ್ ಅಂಗಿ ತೆಗೆದುಕೊಡುತ್ತಾರೆ. ಲೋಕಾಯುಕ್ತರ ತನಿಖೆಯಲ್ಲಿ ಕಾಗದ ಕಾಗದ ಕೂಡಿಸಿ ಲೆಕ್ಕ ಹಿಡಿದ ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅಂಥವರ ಪಾತ್ರಕ್ಕೂ ಏನಿಲ್ಲ. ನಾಯಕ ಅಂದರೆ ಇವರ ಪ್ರಕಾರ ಕೆಂಪು ರುಮಾಲು, ಕೈಯಲ್ಲಿ ಬಾರುಕೋಲು.

ನಾಟಕದ ದಿನ ಏನಾಯ್ತು ಕೇಳಿ. ಮೊದಲ ದೃಶ್ಯಕ್ಕೆ ನಮ್ಮವನು ಮೆರೂನ್ ಕೋಟು ತೊಟ್ಟು, ಸಿಗಾರು ಕಚ್ಚಿ, ಗಹಗಹಿಸಿ ಬಂದ. ಮುಂದಿನ ಸಾಲಿನ ಹುಡುಗರು ಅವನಿಗಿಂತ ಜೋರಾಗಿ ನಕ್ಕರು. ಮೀಸೆಯ ಅಂಟು ಬಿಟ್ಟು ಅರ್ಧ ತುಟಿಗೆ ಜೋತುಬಿತ್ತು, ಸೀಟಿಯೋ ಸೀಟಿ. ಸಿಟ್ಟಿಗೆದ್ದು ಒಳಗೆ ಬಂದವನು ಕೋಟು ಬಿಸಾಕಿ, ತಮ್ಮನ ಮದುವೆಗೆ ಹೊಲಿಸಿದ್ದ ತನ್ನದೇ ಬಿಳಿ ಅಂಗಿ ತೊಟ್ಟ. ಹಣೆಗೆ ಕುಂಕುಮ, ಜೇಬಿನಲ್ಲಿ ಎರಡು ಮೊಬೈಲು. ಎರಡನೇ ದೃಶ್ಯದಲ್ಲಿ ಹೊಲ ಕಳಕೊಳ್ಳುವ ರೈತನ ಹೆಗಲ ಮೇಲೆ ಕೈಹಾಕಿ, 'ಊಟ ಆತೇನಪ್ಪ? ಮಗಳ ಮದುವಿ ಯಾವಾಗ? ನಾನದೀನಿ, ಚಿಂತಿ ಮಾಡಬ್ಯಾಡ' ಅಂದ. ನಾವು ಬರೆದ ಮಾತೇ ಅಲ್ಲ ಅದು, ಅಲ್ಲೇ ಹುಟ್ಟಿದ್ದು. ಪೆಂಡಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ವೇದಿಕೆಯ ಮೇಲೆ ಸನ್ಮಾನಕ್ಕೆಂದು ಕೂತಿದ್ದ ಇಬ್ಬರು ಮುಖಂಡರು ಸ್ವಲ್ಪ ಹೊತ್ತಿಗೆ ಬೇರೆ ಕಾರ್ಯಕ್ರಮ ಇದೆ ಅಂತ ಎದ್ದರು. ಶಾಲು ಹಾಕಿಸಿಕೊಂಡೇ ಎದ್ದರು.

ಇನ್ನು ವ್ಯವಹಾರ. ಅಡ್ವಾನ್ಸ್ ಕಟ್ಟುವಾಗ ಪ್ರತಿ ಸಾಮಾನೂ ಎಣಿಸಿ ಚೀಟಿ ಬರೆಸಿಕೊಳ್ಳಿ, ಹರಳು ಉದುರಿದ್ದರೆ ಫೋನಿನಲ್ಲಿ ಫೋಟೋ ತೆಗೆದಿಡಿ. ವಾಪಸ್ ಕೊಡುವಾಗ ದ್ರೌಪದಿಯ ಒಂದು ಕಿವಿಯೋಲೆ ಇಲ್ಲ ಅಂತ ನಮ್ಮ ಡಿಪಾಸಿಟ್ಟಿನಲ್ಲಿ ಮುರಿದುಕೊಂಡರು, ಅದು ಬರುವಾಗಲೇ ಒಂಟಿಯಾಗಿತ್ತು ಅಂತ ದ್ರೌಪದಿ ಪಾತ್ರಕ್ಕೆ ಮರಿಯಮ್ಮನಹಳ್ಳಿಯಿಂದ ಬಂದಿದ್ದ ಕಲಾವಿದೆಯೇ ಸಾಕ್ಷಿ ಹೇಳಿದರೂ ಕೇಳಲಿಲ್ಲ. ವಿಗ್ಗುಗಳಲ್ಲಿ ಹೊಟ್ಟು ಜಾಸ್ತಿ, ಒಳಗೆ ಕರ್ಚೀಫ್ ಹಾಕಿಕೊಳ್ಳಿ. ಜಾತ್ರೆ ಸೀಸನ್ನಿನಲ್ಲಿ ತಿಂಗಳ ಮೊದಲೇ ಬುಕ್ ಮಾಡಿ, ಇಲ್ಲಾಂದರೆ ಭೀಮನಿಗೆ ಗದೆ ಸಿಗಲ್ಲ, ಬಾಗಿಲಿನದು ಕೊಡಲ್ಲ ಅವರು.

ಪೌರಾಣಿಕಕ್ಕೆ ಐದಕ್ಕೆ ನಾಲ್ಕೂವರೆ, ಅರ್ಧ ಕಳೆದದ್ದು ವಿಗ್ಗಿಗೆ. ಸಾಮಾಜಿಕಕ್ಕೆ ಎರಡು. ಅದರ ಖಳನಾಯಕನಿಗೆ ಬಾಡಿಗೆ ಕೊಡಬೇಡಿ, ಮನೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಇದ್ದೇ ಇರುತ್ತೆ.