ಮೊದಲು ‘ಮಯೂರ’ವೋ, ‘ಸಾರ್ಥ’ವೋ?

ಈ ಮಳೆಗಾಲಕ್ಕೆ ಹಳೆಯ ಕಾಲದ ಸಾಹಸದ ಕಾದಂಬರಿ ಹುಡುಕುತ್ತಿದ್ದೀರಾ? ಹೊಸ ಓದುಗರಿಗೆ ನಾನು ದೇವುಡು ಅವರ ‘ಮಯೂರ’ವನ್ನೇ ಕೊಡುತ್ತೇನೆ. 4ನೇ ಶತಮಾನ, ಬನವಾಸಿಯ ಕದಂಬರು, ಕಂಚಿಯ ಪಲ್ಲವರು. ಕಂಚಿಗೆ ಓದಲು ಹೋದ ಹುಡುಗ ಮಯೂರ ಅವಮಾನ ತಾಳದೆ ಕತ್ತಿ ಹಿಡಿಯುತ್ತಾನೆ. ಕಂಚಿಯ ಆ ಜಗಳ ತಾಳಗುಂದ ಶಾಸನದಲ್ಲೂ ಇದೆ. 1975ರ ರಾಜ್‌ಕುಮಾರ್ ಸಿನಿಮಾ ನೋಡಿದ್ದರೂ ಪುಸ್ತಕ ಬಿಡಬೇಡಿ.

ಭೈರಪ್ಪನವರ ‘ಸಾರ್ಥ’ದ ದಾರಿಯೇ ಬೇರೆ. 8ನೇ ಶತಮಾನದಲ್ಲಿ ನಾಗಭಟ್ಟ ವ್ಯಾಪಾರಿಗಳ ತಂಡದ ಜೊತೆ ಹೊರಡುತ್ತಾನೆ. ಇಲ್ಲಿ ಕತ್ತಿಗಿಂತ ವಾದವೇ ಜಾಸ್ತಿ. ನಾಲಂದಾ ವಿದ್ಯಾಪೀಠ ಬರುತ್ತದೆ; ಕುಮಾರಿಲ ಭಟ್ಟ, ಮಂಡನ ಮಿಶ್ರರಂಥ ಪಂಡಿತರು, ಶಂಕರಾಚಾರ್ಯರು ಎಲ್ಲ ಬರುತ್ತಾರೆ. ಚರ್ಚೆ ಶುರುವಾದಾಗ ಓದು ನಿಧಾನವಾಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಅದೇ. ದ್ವೈತ, ಅದ್ವೈತದ ಮಾತು ಕೇಳುತ್ತಲೇ ಬೆಳೆದ ಉಡುಪಿಯವರಿಗೆ ಆ ರುಚಿ ಗೊತ್ತಿರುತ್ತದೆ, ಅಲ್ವಾ? ಹೈಸ್ಕೂಲ್ ಮಕ್ಕಳಿಗೆ ಮಾತ್ರ ಸದ್ಯಕ್ಕೆ ಬೇಡ.