ಮಾಹಾನಿನ ಶಾಹ್‌ಜಾದೆ ಬಾಗ್: ನೀರಿಗೆ ಪೂರ್ತಿ ಅಂಕ, ಬಂಗಲೆಗೆ ಅರ್ಧ

ಇರಾನಿನ ಕೆರ್ಮಾನ್ ನಗರದಿಂದ ಆಗ್ನೇಯಕ್ಕೆ 35 ಕಿ.ಮೀ. ದೂರದಲ್ಲಿ ಮಾಹಾನ್. ಅದನ್ನು ದಾಟಿ ಬೋಳು ಬಯಲಿನಲ್ಲಿ ಇನ್ನೊಂದು 6 ಕಿ.ಮೀ. ಹೋದರೆ ಶಾಹ್‌ಜಾದೆ ಬಾಗ್ ಎಂಬ ಈ ತೋಟದ ಎತ್ತರದ ಗೋಡೆ ಕಾಣುತ್ತದೆ. ವರ್ಷಕ್ಕೆ 150 ಮಿ.ಮೀ. ಮಳೆಯೂ ಸರಿಯಾಗಿ ಬೀಳದ ಸೀಮೆಯಿದು. ಗೋಡೆಯೊಳಗೆ ಸೈಪ್ರೆಸ್, ಪೈನ್ ಸಾಲು, ಹಣ್ಣಿನ ಮರಗಳು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ನೀರು. 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಒಂಬತ್ತು ಪರ್ಷಿಯನ್ ತೋಟಗಳಲ್ಲಿ ಇದೂ ಒಂದು.

ಇಲ್ಲಿ 1850ರ ಆಸುಪಾಸಿನಲ್ಲೇ ಒಂದು ತೋಟ ಇತ್ತು. ಅದನ್ನು ಈಗಿನ ರೂಪಕ್ಕೆ ತಂದವನು ಆಗ ಇರಾನ್ ಆಳುತ್ತಿದ್ದ ಕಜಾರ್ ವಂಶದ ರಾಜಕುಮಾರ ಅಬ್ದುಲ್ ಹಮೀದ್ ಮಿರ್ಜಾ ನಾಸಿರುದ್ದೌಲಾ. 1881ರಿಂದ ಸುಮಾರು 11 ವರ್ಷ ಕೆರ್ಮಾನ್ ಪ್ರಾಂತ್ಯದ ಗವರ್ನರ್ ಆಗಿದ್ದವನು. ತಬ್ರೀಜಿನಿಂದ ಇರಾನಿನ ಆಜರ್‌ಬೈಜಾನ್ ಪ್ರಾಂತ್ಯ ಆಳಿದ ಯುವರಾಜ ಅಬ್ಬಾಸ್ ಮಿರ್ಜಾ ಇವನ ಅಜ್ಜ. ಅಪ್ಪ ಫಿರೂಜ್ ಮಿರ್ಜಾ ಕೂಡ ಕೆರ್ಮಾನಿಗೆ ಗವರ್ನರ್ ಆಗಿದ್ದವನೇ. 1951ರಲ್ಲಿ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮೊಸದ್ದೆಗ್‌ಗೆ ಇವನು ಸೋದರಮಾವ. ಆ ಕಾಲದ ಗವರ್ನರ್‌ಗಿರಿ ಖಾಯಂ ನೌಕರಿಯಲ್ಲ. ದೊರೆ ಷಾಗೆ ಪೇಷ್ಕಷ್ ಎಂಬ ಕಾಣಿಕೆ ಸಲ್ಲಬೇಕು, ಪ್ರಾಂತ್ಯದ ಕಂದಾಯ ಟೆಹ್ರಾನಿಗೆ ಹೋಗಬೇಕು, ಮಿಕ್ಕಿದ್ದರಲ್ಲಿ ತನ್ನ ದರ್ಬಾರು, ಸಿಪಾಯಿಗಳು, ಕಟ್ಟಡ ಎಲ್ಲ. ಹೊಸವರ್ಷದ ಹಬ್ಬ ನೌರೂಜ್ ಬಂತೆಂದರೆ ಪದವಿ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ. ಅಂಥದ್ದರಲ್ಲಿ 11 ವರ್ಷ ಕೂತಿದ್ದು ದೊಡ್ಡದೇ. ಆ ಅವಧಿಯ ಠೀವಿಯನ್ನೆಲ್ಲ ಈ ತೋಟದಲ್ಲಿ ನೋಡಬಹುದು.

ನೋಡಬೇಕಾದದ್ದು ನೀರಿನ ಲೆಕ್ಕಾಚಾರ. ಜಾಗ ಸುಮಾರು 400 ಮೀಟರ್ ಉದ್ದ, 120 ಮೀಟರ್ ಅಗಲ. ಮೇಲ್ತುದಿಗೂ ಬಾಗಿಲಿಗೂ ಎತ್ತರದ ಅಂತರ 20 ಮೀಟರ್ ಆಸುಪಾಸು. ಜೂಪಾರ್ ಬೆಟ್ಟಗಳ ಕಡೆಯಿಂದ ಬರುವ ನೀರನ್ನು ಮೇಲ್ತುದಿಯಲ್ಲಿ ಒಳಗೆ ಬಿಟ್ಟಿದ್ದಾರೆ. ಒಂದು ಪಾಲು ನಡುವಿನ ಕಾಲುವೆಯಲ್ಲಿ ತೊಟ್ಟಿಯಿಂದ ತೊಟ್ಟಿಗೆ ಇಳಿಯುತ್ತದೆ, ಇನ್ನೊಂದು ಪಾಲು ಮರಗಳಿಗೆ. ಕಾರಂಜಿ ಚಿಮ್ಮಲು ಪಂಪು ಬೇಕಿಲ್ಲ, ಮೇಲಿನ ನೀರಿನ ಒತ್ತಡವೇ ಸಾಕು. 10 ಮೀಟರ್ ಎತ್ತರದ ನೀರು ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಕೊಡುತ್ತದೆ. ಕೊಳವೆಯ ಉಜ್ಜಾಟದಲ್ಲಿ ಕಳೆಯುವುದು ಕಳೆದು, ಉಳಿದಷ್ಟು ಎತ್ತರಕ್ಕೆ ನೀರು ಏಳುತ್ತದೆ. ಇಂಥ ಏರ್ಪಾಟು ಕೆಡುವ ದಾರಿಗಳೂ ಸರಳ: ಎಲೆ ಬಿದ್ದು ಬಾಯಿ ಕಟ್ಟಿಕೊಳ್ಳುವುದು, ಸುಣ್ಣದ ಪದರ ಕೂತು ಕೊಳವೆ ಕಿರಿದಾಗುವುದು, ಮೇಲೆ ಹರಿವು ಕುಗ್ಗುವುದು. ಒಂದೇ ಒಂದು ಕಾರಂಜಿ ಮಂಕಾಗಿದ್ದರೆ ಮೊದಲೆರಡರಲ್ಲಿ ಒಂದು. ಸಾಲಿಗೆ ಸಾಲೇ ತಗ್ಗಿದ್ದರೆ ಮೂರನೆಯದು.

ಬಾಗಿಲು ಕೆಳತುದಿಯಲ್ಲಿ. ಅಲ್ಲಿಂದ ಮೇಲೆ ನೋಡಿದರೆ ಪ್ರತಿ ಹಂತದ ಧುಮುಕೂ ಕಣ್ಣಿಗೆ ಬೀಳುತ್ತದೆ, ಇಡೀ ಇಳಿಜಾರು ಒಂದೇ ಜಲಪಾತ ಅನ್ನಿಸುತ್ತದೆ. ಮೇಲಿನಿಂದ ಕೆಳಗೆ ನೋಡಿದರೆ ಅದೇ ಧುಮುಕುಗಳು ಮರೆಯಾಗಿ ತೊಟ್ಟಿಗಳ ಸಮತಲ ನೀರು ಮಾತ್ರ ಕಾಣುತ್ತದೆ. ಅರ್ಧಕ್ಕೇ ಫೋಟೋ ತೆಗೆದುಕೊಂಡು ತಿರುಗುವವರಿಗೆ ಈ ಎರಡನೆಯ ನೋಟ ತಪ್ಪಿಹೋಗುತ್ತದೆ. ಏರು ತೀರಾ ಕಡಿದಲ್ಲ, ಆದರೆ ಮೆಟ್ಟಿಲುಗಳಿವೆ. ಮಂಡಿನೋವಿನವರು ನಿಧಾನವಾಗಿ ಹತ್ತಬೇಕು. ಗಾಲಿಕುರ್ಚಿ ನಂಬಿ ಬರುವುದು ಬೇಡ.

ಮೇಲ್ತುದಿಯ ವಾಸದ ಬಂಗಲೆ ಅಚ್ಚುಕಟ್ಟಾಗಿದೆ, ಅಷ್ಟೇ. ಇಸ್ಫಹಾನಿನ ಚೆಹೆಲ್ ಸೊತೂನ್ ಅರಮನೆ ನೋಡಿ ಬಂದವರಿಗೆ ಸಪ್ಪೆ. ಎರಡಂತಸ್ತಿನ ಬಾಗಿಲುಮನೆಗೇ ಹೆಚ್ಚು ಕಳೆ, ಅದೂ ಅದರ ಕೊರತೆಯಿಂದ. ಅಲ್ಲಿ ಗೋಡೆಗೆ ಅಲಂಕಾರದ ಹಂಚು ಕೂರಿಸಬೇಕಿದ್ದ ಜಾಗಗಳು ಖಾಲಿ. ಗವರ್ನರ್ ಸತ್ತ ಸುದ್ದಿ ಬಂದ ಗಳಿಗೆಯಲ್ಲೇ ಗಾರೆಯವನು ಕೈಲಿದ್ದ ಗಾರೆಯನ್ನು ಗೋಡೆಗೆ ಎಸೆದು ಹೊರಟುಹೋದ ಎಂದು ಕಥೆ ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಕೂಲಿ ಕೊಡುವ ಕೈ ಹೋದ ಮೇಲೆ ಕೆಲಸ ನಿಲ್ಲುವುದು ಸಹಜ. ಅವನ ನಂತರ ತಮ್ಮ ಅಬ್ದುಲ್ ಹುಸೇನ್ ಮಿರ್ಜಾ ಫರ್ಮಾನ್‌ಫರ್ಮಾ ಕೆರ್ಮಾನಿಗೆ ಬಂದ. ಅಣ್ಣನ ಹಂಚು ಮಾತ್ರ ಬರಲಿಲ್ಲ.

ತೋಟವೊಂದಕ್ಕೇ ಇಷ್ಟು ದೂರ ಬರುವುದು ದಂಡ ಅನ್ನುವವರು ಮಾಹಾನ್ ಊರೊಳಗಿನ ಷಾ ನಿಯಾಮತುಲ್ಲಾ ವಲಿಯ ದರ್ಗಾವನ್ನೂ ಸೇರಿಸಿಕೊಳ್ಳಲಿ. ಕನ್ನಡಿಗರಂತೂ ಬಿಡಲೇಬಾರದು. 1431ರಲ್ಲಿ ತೀರಿಕೊಂಡ ಈ ಸೂಫಿಯ ಗೋರಿಯ ಮೇಲೆ 1436ರಲ್ಲಿ ಗುಮ್ಮಟ ಎದ್ದದ್ದು ಬೀದರಿನ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಹಣದಿಂದ. ಸೂಫಿಯ ಮಗ ಖಲೀಲುಲ್ಲಾ ಬೀದರಿಗೆ ಬಂದು ನೆಲೆಸಿದ. ಅಲ್ಲಿ ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಎಂಬ ಗೋರಿ ಅವನದೇ. ಬೀದರಿನ ನೌಬಾದ್ ಕರೇಜ್ ಎಂಬ ನೀರಿನ ಸುರಂಗ ನೋಡಿದವರಿಗೆ ಕೆರ್ಮಾನ್ ಸೀಮೆಯ ನೆಲದಡಿಯ ಕನಾತ್ ಕಾಲುವೆಗಳ ಬಗ್ಗೆ ಬೇರೆ ಪಾಠ ಬೇಕಿಲ್ಲ.

ಬೆಳಿಗ್ಗೆ ದರ್ಗಾ, ಇಳಿಹೊತ್ತಿಗೆ ತೋಟ ಎಂದಿಟ್ಟುಕೊಂಡರೆ ಬಿಸಿಲೂ ಕಡಿಮೆ, ಬೆಳಕೂ ಚೆನ್ನ. ಅಲ್ಲಿ ಶುಕ್ರವಾರ ರಜೆ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬಂದಿರುತ್ತಾರೆ. ಸದ್ದುಗದ್ದಲ ಬೇಡವಾದರೆ ವಾರದ ನಡುವೆ ಹೋಗಿ. ಟ್ಯಾಕ್ಸಿಯನ್ನು ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಮಾತಾಡಿ, ತೋಟದ ಹೊರಗೆ ಇರುವುದು ಬರೀ ಬಯಲು. ಭಾರತದ ಬ್ಯಾಂಕ್ ಕಾರ್ಡುಗಳು ಇರಾನಿನಲ್ಲಿ ನಡೆಯುವುದಿಲ್ಲ, ನಗದು ಇರಲಿ. ಬೆಲೆ ತೊಮಾನಿನಲ್ಲಿ ಹೇಳುತ್ತಾರೆ, ನೋಟು ರಿಯಾಲಿನದು. ಒಂದು ತೊಮಾನ್‌ಗೆ 10 ರಿಯಾಲ್. ಟಿಕೆಟ್ ತೆಗೆಯುವ ಮೊದಲು ವೀಸಾ ನಿಯಮವನ್ನೂ ನಮ್ಮ ವಿದೇಶಾಂಗ ಸಚಿವಾಲಯದ ಪ್ರಯಾಣ ಸಲಹೆಯನ್ನೂ ನೋಡಿಕೊಳ್ಳಿ, ಎರಡೂ ಬದಲಾಗುತ್ತಿರುತ್ತವೆ.

ಊಟಕ್ಕೆ ಆವರಣದಲ್ಲೇ ಹೋಟೆಲಿದೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಇರಾನಿನ ಗೊರ್ಮೆ ಸಬ್ಜಿ ನೋಡಲು ಸೊಪ್ಪಿನ ಸಾರಿನಂತಿದ್ದರೂ ಒಳಗೆ ಮಾಂಸದ ತುಂಡುಗಳಿರುತ್ತವೆ. ಕಶ್ಕೆ ಬಾದೆಂಜಾನ್ ಎಂಬ ಬದನೆಕಾಯಿ ಪಲ್ಯ ಸಿಕ್ಕರೆ ಮಾಂಸ ಹಾಕಿಲ್ಲವೆಂದು ಕೇಳಿಕೊಂಡು ರೊಟ್ಟಿಯ ಜೊತೆ ತಿನ್ನಬಹುದು. ಮೇಲೆ ಕಾಮಕಸ್ತೂರಿ ಬೀಜ ಹಾಕಿದ ಕೆರ್ಮಾನಿ ಫಾಲೂದೆ ಕುಡಿದು ಹೊರಡಿ.